ಬಡ್ಸ್ ಹಾಕಬೇಡಿ ಅನ್ನುತ್ತಾರೆ, ಹಾಗಾದರೆ ಕಿವಿ ಸ್ವಚ್ಛ ಆಗುವುದು ಹೇಗೆ?

ನವೆಕಿವಿ
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಆದರೆ ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ನನಗೆ ಎರಡೂ ಕಿವಿಯಲ್ಲಿ ನವೆ. ತಲೆಸ್ನಾನ ಆದ ಮೇಲೆ ಬಲಗಿವಿ ಕಟ್ಟಿಕೊಳ್ಳುತ್ತದೆ, ಆಮೇಲೆ ಯಾವಾಗಲೋ ಬಿಡುತ್ತದೆ. ಡಾಕ್ಟರ್ ಬೆಳಕು ಹಾಕಿ ನೋಡಿ, "ಗುಗ್ಗೆ ಇದೆ, ಡ್ರಾಪ್ಸ್ ಹಾಕಿ, ಬಡ್ಸ್ ಮಾತ್ರ ಮುಟ್ಟಬೇಡಿ" ಅಂದರು. ಅಷ್ಟೇ, ಮುಂದಿನವರನ್ನು ಕರೆದರು. ಬಡ್ಸ್ ಹಾಕದಿದ್ದರೆ ಗುಗ್ಗೆ ಹೊರಗೆ ಬರುವುದು ಹೇಗೆ? ತಾನಾಗಿ ನಡೆದುಕೊಂಡು ಬರುತ್ತದಾ? ಗೊತ್ತಿರುವವರು ಬಿಡಿಸಿ ಹೇಳಿ.

ವಾದಪ್ರಿಯ
ಸುಮ್ನೆ ಹೆದರಿಸುತ್ತಾರೆ. ನಾನು ಚಿಕ್ಕಂದಿನಿಂದ ದಿನಾ ಬಡ್ಸ್ ಹಾಕುತ್ತಿದ್ದೇನೆ, ಕಿವಿಗೆ ಏನೂ ಆಗಿಲ್ಲ. ಕೊಳೆ ಇದ್ದರೆ ತೆಗೆಯಬೇಕು, ಅದರಲ್ಲಿ ಚರ್ಚೆ ಏನು ಬಂತು?

ಇಎನ್‌ಟಿ_ಪೀಜಿ
ನವೆಕಿವಿ ಅವರೇ, ನಡೆದುಕೊಂಡೇ ಬರುತ್ತದೆ. ತಮಾಷೆ ಅಲ್ಲ.

ಹೊರಕಿವಿ ಅಂದರೆ ಎರಡು ಭಾಗ. ಹೊರಗೆ ಕಾಣುವ ಹಾಲೆ, ಒಳಗೆ ಹೋಗುವ ನಾಳ. ನಾಳದ ಕೊನೆಯಲ್ಲಿ ತಮಟೆ ಇದೆ, ಅದರ ಆಚೆಗಿನದು ಮಧ್ಯಕಿವಿ. ದೊಡ್ಡವರಲ್ಲಿ ಈ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದ, ನೇರವಾಗಿಲ್ಲ, ಸ್ವಲ್ಪ ಸೊಟ್ಟ. ಹೊರಗಿನ ಮೂರನೇ ಒಂದು ಭಾಗದ ಗೋಡೆ ಕಾರ್ಟಿಲೇಜ್, ಅಂದರೆ ಮೂಗಿನ ತುದಿಯಲ್ಲಿ ಇರುವಂಥದ್ದು. ಒಳಗಿನ ಮೂರನೇ ಎರಡು ಭಾಗ ತಲೆಬುರುಡೆಯ ಎಲುಬು. ಕೂದಲು ಮತ್ತು ಗುಗ್ಗೆ ಮಾಡುವ ಗ್ರಂಥಿಗಳು ಇರುವುದು ಹೊರಗಿನ ಭಾಗದಲ್ಲಿ ಮಾತ್ರ. ಒಳಗಿನ ಭಾಗದಲ್ಲಿ ಚರ್ಮ ತುಂಬಾ ತೆಳು, ನೇರವಾಗಿ ಎಲುಬಿಗೇ ಅಂಟಿಕೊಂಡಿದೆ. ಅಲ್ಲಿ ಸ್ವಲ್ಪ ತಾಗಿದರೂ ಜೀವ ಹೋಗುವಂಥ ನೋವು ಬರುವುದು ಅದಕ್ಕೇ.

ಈಗ ಮುಖ್ಯ ವಿಷಯ. ಮೈಯಲ್ಲಿ ಬೇರೆ ಕಡೆ ಸತ್ತ ಚರ್ಮ ಮೇಲಕ್ಕೆ ಬಂದು ಉದುರುತ್ತದೆ. ಕಿವಿಯೊಳಗೆ ಹಾಗೆ ಉದುರಿದರೆ ನಾಳ ತುಂಬಿಹೋಗುತ್ತದೆ. ಅದಕ್ಕೆ ಇಲ್ಲಿನ ಚರ್ಮ ಪಕ್ಕಕ್ಕೆ ಸರಿಯುತ್ತದೆ. ತಮಟೆಯ ನಡುವಿನಿಂದ ಹೊರಟು ಅಂಚಿಗೆ, ಅಲ್ಲಿಂದ ನಾಳದ ಗೋಡೆಯ ಮೇಲೆ ಬಾಗಿಲ ಕಡೆಗೆ. ಹೆಚ್ಚುಕಡಿಮೆ ಉಗುರು ಬೆಳೆಯುವ ವೇಗ. ಗುಗ್ಗೆ ಅದರ ಮೇಲೆ ಸವಾರಿ ಮಾಡಿಕೊಂಡು ಹೊರಗೆ ಬರುತ್ತದೆ, ಮಾತಾಡುವಾಗ, ಅಗಿಯುವಾಗ ದವಡೆ ಅಲ್ಲಾಡುವುದೂ ಅದಕ್ಕೆ ಸಹಾಯ. ಬಡ್ಸ್ ಹಾಕಿದರೆ ಹೊರಟು ಬರುತ್ತಿದ್ದುದನ್ನು ವಾಪಸ್ ಒಳಗೆ ತಳ್ಳಿದ ಹಾಗೆ. ಸ್ನಾನದ ನೀರು ಬಿದ್ದಾಗ ಆ ಗುಗ್ಗೆ ಉಬ್ಬುತ್ತದೆ, ಕಿವಿ ಕಟ್ಟುತ್ತದೆ, ಒಣಗಿದಾಗ ಬಿಡುತ್ತದೆ. ನಿಮ್ಮ ಬಲಗಿವಿಯದು ಇದೇ ಕತೆ ಇರಬೇಕು.

ನಿಧಾನಿ
ಇಷ್ಟು ವರ್ಷ ನನ್ನ ಕಿವಿಯಲ್ಲಿ ಚರ್ಮ ಮೆರವಣಿಗೆ ಹೊರಟಿದ್ದು ನನಗೇ ಗೊತ್ತಿರಲಿಲ್ಲ 😄

ವಾದಪ್ರಿಯ
ಸರಿ ಪೀಜಿ ಸಾಹೇಬ್ರೇ, ಹಾಗಾದರೆ ಪ್ರತಿ ಸಲ ಬಡ್ಸ್ ತುದಿಗೆ ಹಳದಿ ಅಂಟಿಕೊಂಡು ಬರುತ್ತದಲ್ಲ, ಅದು ಕೊಳೆ ಅಲ್ವಾ?

ಇಎನ್‌ಟಿ_ಪೀಜಿ
ಅಲ್ಲ. ಗ್ರಂಥಿಗಳ ಜಿಡ್ಡು, ಸತ್ತ ಚರ್ಮ, ಉದುರಿದ ಕೂದಲು, ಒಂದಿಷ್ಟು ಧೂಳು, ಇಷ್ಟೂ ಸೇರಿದ್ದು. ಅದು ಸ್ವಲ್ಪ ಆಮ್ಲೀಯ, ಹಾಗಾಗಿ ಬ್ಯಾಕ್ಟೀರಿಯಾ, ಫಂಗಸ್‌ಗೆ ಅಲ್ಲಿ ಬೆಳೆಯುವುದು ಕಷ್ಟ. ಜಿಡ್ಡು ಇರುವುದರಿಂದ ನೀರು ಚರ್ಮಕ್ಕೆ ಇಳಿಯುವುದಿಲ್ಲ. ದಿನಾ ಒರೆಸಿ ತೆಗೆದರೆ ಚರ್ಮ ಒಣಗುತ್ತದೆ, ಒಣಗಿದರೆ ನವೆ, ನವೆ ಅಂತ ಮತ್ತೆ ಬಡ್ಸ್. ನಮ್ಮ ಓಪಿಡಿಯಲ್ಲಿ ಇಂಥವರು ಬರದ ದಿನವೇ ಇಲ್ಲ. ನಿಮ್ಮ ಬಡ್ಸ್‌ಗೆ ಅಂಟಿದ್ದು ಎಷ್ಟು ಅಂತ ನಿಮಗೆ ಕಾಣುತ್ತದೆ, ಒಳಗೆ ಹೋಗಿದ್ದು ಎಷ್ಟು ಅಂತ ನಮಗೆ ಕಾಣುತ್ತದೆ.

ಅಮೆರಿಕದ ಇಎನ್‌ಟಿ ವೈದ್ಯರ ಸಂಘ 2017ರಲ್ಲಿ ಗುಗ್ಗೆ ಬಗ್ಗೆಯೇ ಮಾರ್ಗಸೂಚಿ ಹೊರಡಿಸಿತು. ಅದರ ತಿರುಳೂ ಇದೇ. ತೊಂದರೆ ಕೊಡದ ಗುಗ್ಗೆಯ ತಂಟೆಗೆ ಹೋಗಬೇಡಿ.

ಕೆಮ್ಮುರಾಯ
ವಿಷಯಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಕಿವಿಗೆ ಏನಾದರೂ ಹಾಕಿದರೆ ನನಗೆ ಕೆಮ್ಮು ಬರುತ್ತದೆ. ಮನೆಯವರು ನಾಟಕ ಅನ್ನುತ್ತಾರೆ.

ಪುಸ್ತಕದಹುಳು
ನಾಟಕ ಅಲ್ಲ ಅಂತ ಮನೆಯವರಿಗೆ ಧೈರ್ಯವಾಗಿ ಹೇಳಿ. ವೇಗಸ್ ಅಂತ ಒಂದು ನರ ಇದೆ, ತಲೆಬುರುಡೆಯಿಂದ ಹೊರಟು ಗಂಟಲು, ಶ್ವಾಸನಾಳ, ಹೃದಯ, ಹೊಟ್ಟೆವರೆಗೂ ಹೋಗುತ್ತದೆ. ಅದರ ಒಂದು ಸಣ್ಣ ಕವಲು ಕಿವಿಯ ನಾಳಕ್ಕೂ ಬರುತ್ತದೆ. ಜರ್ಮನಿಯ ಅಂಗರಚನಾ ತಜ್ಞ ಫ್ರೀಡ್ರಿಕ್ ಆರ್ನಾಲ್ಡ್ ಹೆಸರಿನಲ್ಲಿ ಅದನ್ನು ಆರ್ನಾಲ್ಡ್ ನರ ಅನ್ನುತ್ತಾರೆ. ಕೆಲವರಿಗೆ ಕಿವಿಯಲ್ಲಿ ತಾಗಿದರೆ ಮೆದುಳು ಅದನ್ನು ಗಂಟಲಲ್ಲಿ ತಾಗಿತು ಅಂದುಕೊಳ್ಳುತ್ತದೆ, ಕೆಮ್ಮಿಸುತ್ತದೆ. ಬಿಡದ ಒಣಕೆಮ್ಮಿಗೆ ಕಿವಿಯೊಳಗಿನ ಗಟ್ಟಿ ಗುಗ್ಗೆ ಕಾರಣ ಆಗಿದ್ದೂ ಉಂಟು.

ಲ್ಯಾಬ್_ಮಗಳು
ಗುಗ್ಗೆ ಎಲ್ಲರದೂ ಹಳದಿ ಅಂಟು ಅಂದುಕೊಳ್ಳಬೇಡಿ. ಎರಡು ಥರ ಇದೆ: ಒದ್ದೆ, ಮತ್ತು ಬೂದು ಬಣ್ಣದ ಒಣ ಹೊಟ್ಟಿನಂಥದ್ದು. ಎಬಿಸಿಸಿ11 ಅನ್ನುವ ಒಂದೇ ಜೀನ್‌ನ ಒಂದೇ ಅಕ್ಷರದ ವ್ಯತ್ಯಾಸ ಇದನ್ನು ನಿರ್ಧರಿಸುತ್ತದೆ. 2006ರಲ್ಲಿ ಜಪಾನಿನ ಸಂಶೋಧಕರು ಕಂಡುಹಿಡಿದರು. ಚೀನಾ, ಕೊರಿಯಾ, ಜಪಾನ್ ಕಡೆ ಒಣ ಗುಗ್ಗೆಯವರೇ ಹೆಚ್ಚು, ಆಫ್ರಿಕಾ, ಯುರೋಪ್ ಕಡೆ ಒದ್ದೆ. ಕಂಕುಳ ಬೆವರು ಜಾಸ್ತಿ ವಾಸನೆ ಬರುತ್ತದಾ ಇಲ್ಲವಾ ಅನ್ನುವುದೂ ಅದೇ ಜೀನ್ ಕೈಯಲ್ಲಿದೆ.

ನಿಧಾನಿ
ಕಿವಿ ನೋಡಿ ಕಂಕುಳ ಹೇಳುವ ಶಾಸ್ತ್ರ!

ಈಜುಗಾರ್ತಿ
ನವೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎಲ್ಲವನ್ನೂ ಗುಗ್ಗೆ ತಲೆಗೆ ಕಟ್ಟಬೇಡಿ. ನಾನು ಈಜು ಕಲಿಸುತ್ತೇನೆ. ಕಿವಿ ಗಂಟೆಗಟ್ಟಲೆ ಒದ್ದೆ ಇದ್ದರೆ ಚರ್ಮ ನೆಂದು ಮೆತ್ತಗಾಗುತ್ತದೆ, ಸಣ್ಣ ಗೀರು ಸಾಕು, ಸೋಂಕು ಒಳಗೆ ಹೊಕ್ಕಿತು. ಮೊದಲ ದಿನ ನವೆ, ಆಮೇಲೆ ನೋವು, ನಾಳ ಬಾತು ಮುಚ್ಚಿಕೊಳ್ಳುತ್ತದೆ, ನೀರಾಗಿ ಸೋರುತ್ತದೆ. ನನ್ನ ಒಬ್ಬ ವಿದ್ಯಾರ್ಥಿ ಆ ಕಡೆ ದಿಂಬಿಗೆ ತಲೆ ಇಡಲಾರದೆ ಕೂತೇ ರಾತ್ರಿ ಕಳೆದ. ಡಾಕ್ಟರ್ ನಾಳದೊಳಗೆ ಔಷಧಿ ಇಳಿಯಲಿ ಅಂತ ಸಣ್ಣ ಬತ್ತಿಯಂಥದ್ದು ಇಟ್ಟು ಡ್ರಾಪ್ಸ್ ಕೊಟ್ಟರು. ನಾವು ಈಗ ನೀರಿನಿಂದ ಮೇಲೆ ಬಂದ ತಕ್ಷಣ ತಲೆ ಓರೆ ಮಾಡಿ ನೀರು ಇಳಿಸುವುದು, ಹೊರಗಿನಿಂದ ಟವೆಲ್‌ನಲ್ಲಿ ಒತ್ತುವುದು, ಅಷ್ಟೇ ಮಾಡುತ್ತೇವೆ. ಒಳಗೆ ಯಾರೂ ಏನೂ ತುರುಕುವಂತಿಲ್ಲ.

ನವೆಕಿವಿ
ಮೇಡಂ, ಈಗ ಹೆದರಿಕೆ ಆಯಿತು. ನನ್ನದು ಗುಗ್ಗೆಯಾ ಸೋಂಕಾ ಅಂತ ಮನೆಯಲ್ಲೇ ಹೇಗೆ ತಿಳಿಯುವುದು?

ಇಎನ್‌ಟಿ_ಪೀಜಿ
ಕಿವಿ ತೂತಿನ ಮುಂದೆ ಕೆನ್ನೆ ಕಡೆಗೆ ಒಂದು ಚಿಕ್ಕ ಗುಬುಟು ಇದೆಯಲ್ಲ, ಅದನ್ನು ಒತ್ತಿ. ಹಾಲೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಜೋರು ನೋವಾದರೆ ಹೊರಕಿವಿಯ ಸೋಂಕು ಅನ್ನುವ ಅನುಮಾನ ಬಲವಾಗುತ್ತದೆ. ಶೀತ ಆದಾಗ ಬರುವ ಮಧ್ಯಕಿವಿಯ ಸೋಂಕಿನಲ್ಲಿ ಸಾಮಾನ್ಯವಾಗಿ ಎಳೆದರೆ ನೋವು ಹೆಚ್ಚಾಗುವುದಿಲ್ಲ. ಬರೀ ಗುಗ್ಗೆ ಆದರೆ ಕಟ್ಟಿಕೊಂಡ ಭಾವ, ಮಂದ ಕೇಳಿಸುವುದು, ಕೆಲವೊಮ್ಮೆ ಗುಂಯ್ ಅನ್ನುವ ಸದ್ದು. ಆದರೆ ಇದು ಅಂದಾಜು ಮಾತ್ರ, ಒಳಗೆ ನೋಡದೆ ಯಾರೂ ಖಚಿತವಾಗಿ ಹೇಳಲಾರರು.

ಒಂದು ಮಾತು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಸಕ್ಕರೆ ಕಾಯಿಲೆ ಇರುವ ವಯಸ್ಸಾದವರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಕಿವಿನೋವು ಬಂದು, ಡ್ರಾಪ್ಸ್ ಹಾಕಿದರೂ ರಾತ್ರಿಯೆಲ್ಲ ನೋವು ಹೆಚ್ಚುತ್ತಲೇ ಇದ್ದರೆ ಕಾಯಬೇಡಿ. ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ನಾಳದ ಚರ್ಮ ದಾಟಿ ತಲೆಬುರುಡೆಯ ತಳದ ಎಲುಬಿಗೆ ಹೋಗಬಹುದು. ಮುಖದ ಒಂದು ಪಕ್ಕ ಸೊಟ್ಟ ಆಗುವುದೂ ಇದೆ. ಅದಕ್ಕೆ ವಾರಗಟ್ಟಲೆ ಆ್ಯಂಟಿಬಯೊಟಿಕ್ ಬೇಕಾಗುತ್ತದೆ.

ಮಾತುಗಾರ
ನಮ್ಮ ಚಿಕ್ಕಪ್ಪನಿಗೆ ನವೆ ಅಂದರೆ ಅಂಥಿಂಥ ನವೆ ಅಲ್ಲ. ಹಳೆಯ ಆ್ಯಂಟಿಬಯೊಟಿಕ್ ಡ್ರಾಪ್ಸ್ ಬಾಟಲಿ ಮನೆಯಲ್ಲಿತ್ತು, ಅದನ್ನೇ ತಿಂಗಳುಗಟ್ಟಲೆ ಹಾಕಿಕೊಂಡರು. ಹಾಕಿದಷ್ಟೂ ಹೆಚ್ಚಾಯಿತು. ಕೊನೆಗೆ ನೋಡಿದರೆ ಒಳಗೆ ಬೂಸ್ಟು, ಬಿಳಿ ಹತ್ತಿಯ ಮೇಲೆ ಕರಿ ಚುಕ್ಕೆ ಇಟ್ಟ ಹಾಗೆ ಅಂತ ಡಾಕ್ಟರ್ ಸ್ಕ್ರೀನ್ ಮೇಲೆ ತೋರಿಸಿದರು.

ಇಎನ್‌ಟಿ_ಪೀಜಿ
ಕರಿ ಚುಕ್ಕೆ ಅಂದರೆ ಹೆಚ್ಚಾಗಿ ಆಸ್ಪರ್ಜಿಲಸ್ ನೈಜರ್ ಅನ್ನುವ ಫಂಗಸ್. ಆ್ಯಂಟಿಬಯೊಟಿಕ್ ಡ್ರಾಪ್ಸ್ ಬ್ಯಾಕ್ಟೀರಿಯಾವನ್ನು ಕೊಂದು ಫಂಗಸ್‌ಗೆ ಜಾಗ ಖಾಲಿ ಮಾಡಿಕೊಟ್ಟಿರುತ್ತದೆ. ಮೊದಲು ಅದನ್ನು ಪೂರ್ತಿ ಹೀರಿ ತೆಗೆಯಬೇಕು, ಆಮೇಲೆ ಫಂಗಸ್ ಔಷಧಿ, ಕಿವಿ ಒಣಗಿರಬೇಕು. ಉಳಿದ ಡ್ರಾಪ್ಸ್ ಮತ್ತೆ ಬಳಸುವ ಅಭ್ಯಾಸ ಬಿಡಿ, ದಯವಿಟ್ಟು.

ಅಲೆಗಾರ
ತಣ್ಣೀರಲ್ಲಿ ಸರ್ಫಿಂಗ್ ಮಾಡುವವರಿಗೂ ಇದೇ ಸೋಂಕು ಬರುತ್ತದಲ್ಲ, ಸರ್ಫರ್ಸ್ ಇಯರ್ ಅಂತ?

ಪುಸ್ತಕದಹುಳು
ಅದು ಬೇರೆ ಸ್ವಾಮಿ, ಸೋಂಕು ಅಲ್ಲ. ತಣ್ಣನೆ ನೀರು, ಗಾಳಿ ವರ್ಷಾನುಗಟ್ಟಲೆ ತಾಗಿ ನಾಳದ ಒಳಭಾಗದ ಎಲುಬೇ ಗುಬುಟಾಗಿ ಬೆಳೆಯುತ್ತದೆ. ನಾಳ ಕಿರಿದಾಗುತ್ತದೆ, ನೀರು ಮತ್ತು ಗುಗ್ಗೆ ಸಿಕ್ಕಿಕೊಳ್ಳುತ್ತದೆ, ಅದರಿಂದ ಆಮೇಲೆ ಸೋಂಕು ಬರಬಹುದು. ಮಜಾ ಅಂದರೆ ನಿಯಾಂಡರ್ತಾಲ್ ಮಾನವರ ಬುರುಡೆಗಳಲ್ಲೂ ಇದು ಸಿಕ್ಕಿದೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 23 ನಿಯಾಂಡರ್ತಾಲ್ ಅವಶೇಷ ಪರೀಕ್ಷಿಸಿದರು, ಸುಮಾರು ಅರ್ಧದಷ್ಟರಲ್ಲಿ ಈ ಎಲುಬು ಬೆಳೆದಿತ್ತು. ಅವರು ನೀರಿಗಿಳಿದು ಆಹಾರ ಹುಡುಕುತ್ತಿದ್ದರು ಅನ್ನುವ ವಾದಕ್ಕೆ ಇದನ್ನು ಆಧಾರ ಮಾಡಿಕೊಂಡಿದ್ದಾರೆ.

ಸೋಡಾಗ್ಲಾಸ್
ನಾಳದ್ದು ಒಪ್ಪಿದೆ. ಹೊರಗಿನ ಹಾಲೆ ಯಾಕೆ? ಕನ್ನಡಕ ನಿಲ್ಲಿಸುವುದು ಬಿಟ್ಟರೆ ಅದರಿಂದ ಏನು ಉಪಯೋಗ? ತಮಟೆ ಒಳಗೇ ಇದೆ, ಹಾಲೆ ಇಲ್ಲದಿದ್ದರೂ ಕೇಳಿಸುತ್ತದಲ್ಲ.

ಸೌಂಡ್_ಅಣ್ಣ
ಕೇಳಿಸುತ್ತದೆ, ಆದರೆ ಸದ್ದು ಎಲ್ಲಿಂದ ಬಂತು ಅನ್ನುವುದು ಗೊಂದಲ ಆಗುತ್ತದೆ. ನನ್ನ ಕೆಲಸವೇ ಇದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಮುಂದಕ್ಕೆ ಹೋಗಿ.

ಎಡವಾ ಬಲವಾ ಅನ್ನುವುದಕ್ಕೆ ಹಾಲೆ ಬೇಕಿಲ್ಲ. ಎಡಗಡೆ ಸದ್ದು ಆದರೆ ಎಡಗಿವಿಗೆ ಮೊದಲು ಮುಟ್ಟುತ್ತದೆ, ಸ್ವಲ್ಪ ಜೋರಾಗಿಯೂ ಮುಟ್ಟುತ್ತದೆ. ಎರಡರ ನಡುವಿನ ಅಂತರ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಮೆದುಳು ಅದನ್ನು ಹಿಡಿಯುತ್ತದೆ. ಆದರೆ ನೆತ್ತಿಯ ಮೇಲಿನ ಸದ್ದು, ಬೆನ್ನ ಹಿಂದಿನ ಸದ್ದು, ಮುಂದಿನ ಸದ್ದು, ಇವೆಲ್ಲ ಎರಡೂ ಕಿವಿಗೆ ಒಟ್ಟಿಗೇ ಬರುತ್ತವೆ. ಆಗ ಹಾಲೆಯ ಮಡಿಕೆಗಳೇ ಗತಿ. ಸದ್ದು ಆ ಏರುತಗ್ಗಿಗೆ ಬಡಿದು ಚದುರಿ ಒಳಗೆ ಹೋಗುವಾಗ ಕೆಲವು ಸ್ವರಗಳು ಏರುತ್ತವೆ, ಕೆಲವು ಇಳಿಯುತ್ತವೆ. ಯಾವ ದಿಕ್ಕಿಗೆ ಯಾವ ಏರಿಳಿತ ಅನ್ನುವುದನ್ನು ನಮ್ಮ ಮೆದುಳು ನಮ್ಮದೇ ಕಿವಿಯ ಆಕಾರದ ಮೇಲೆ ಕಲಿತಿರುತ್ತದೆ.

1998ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವರ ಹಾಲೆಯ ಗುಳಿಗೆ ಅಚ್ಚು ಹಾಕಿ ಆಕಾರ ಬದಲಿಸಿದರು. ಎಡಬಲ ಗೊತ್ತಾಗುತ್ತಿತ್ತು, ಮೇಲೆ ಕೆಳಗೆ ಪೂರ್ತಿ ಕೆಟ್ಟುಹೋಯಿತು. ಕೆಲವು ವಾರ ಅದನ್ನೇ ಹಾಕಿಕೊಂಡು ಓಡಾಡಿದ ಮೇಲೆ ಮತ್ತೆ ಸರಿಹೋಯಿತು. ಅಚ್ಚು ತೆಗೆದಾಗ ಮತ್ತೆ ಗೊಂದಲ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಹಳೆ ಕಿವಿಯ ಲೆಕ್ಕವೂ ಹೊಸ ಕಿವಿಯ ಲೆಕ್ಕವೂ ಎರಡೂ ತಲೆಯಲ್ಲಿ ಉಳಿದಿದ್ದವು.

ನಾಳವೂ ಸುಮ್ನೆ ದಾರಿ ಅಲ್ಲ. ಒಂದು ಕಡೆ ಮುಚ್ಚಿದ ಕೊಳವೆ ಅದು, ಸುಮಾರು 3000 ಹರ್ಟ್ಸ್ ಆಸುಪಾಸಿನ ಸದ್ದನ್ನು ಹತ್ತು ಡೆಸಿಬೆಲ್‌ಗೂ ಜಾಸ್ತಿ ಏರಿಸುತ್ತದೆ. ಸ, ಶ, ತ ಇಂಥ ಅಕ್ಷರಗಳನ್ನು ಬಿಡಿಬಿಡಿಯಾಗಿ ಕೇಳಿಸಿಕೊಳ್ಳಲು ಇದೇ ಎತ್ತರದ ಸದ್ದು ಬೇಕು.

ಸೋಡಾಗ್ಲಾಸ್
ಅಬ್ಬಾ! ಹಾಲೆಗೆ ನನ್ನ ಕ್ಷಮೆ ತಲುಪಿಸಿ.

ನಿಧಾನಿ
ನನಗೆ ಕಿವಿ ಅಲ್ಲಾಡಿಸಲು ಬರುತ್ತದೆ. ಯಾರಾದರೂ ಇದ್ದೀರಾ ಜೊತೆಗೆ?

ಪುಸ್ತಕದಹುಳು
ಎಲ್ಲರಿಗೂ ಹಾಲೆಗೆ ಮೂರು ಸ್ನಾಯು ಇವೆ, ಬೆಕ್ಕಿನ ಹಾಗೆ ತಿರುಗಿಸುವಷ್ಟು ಶಕ್ತಿ ಉಳಿದಿಲ್ಲ. ಆದರೂ ಪೂರ್ತಿ ನಿವೃತ್ತಿ ಆಗಿಲ್ಲ. 2020ರಲ್ಲಿ ಜರ್ಮನಿಯ ಸಂಶೋಧಕರು ಎಲೆಕ್ಟ್ರೋಡ್ ಅಂಟಿಸಿ ನೋಡಿದರು. ಪಕ್ಕದಲ್ಲಿ ಸದ್ದು ಆದಾಗ ಆ ಕಡೆಯ ಕಿವಿಯ ಸ್ನಾಯು ಮಿಡಿಯುತ್ತದೆ. ಹಾಗೇ ಹಾಲೆಯ ಮೇಲಂಚಿನಲ್ಲಿ ಕೆಲವರಿಗೆ ಒಂದು ಪುಟ್ಟ ಮೊನೆ ಇರುತ್ತದೆ, ಮುಟ್ಟಿ ನೋಡಿಕೊಳ್ಳಿ. ಶಿಲ್ಪಿ ಥಾಮಸ್ ವೂಲ್ನರ್ ಅದನ್ನು ಡಾರ್ವಿನ್‌ಗೆ ತೋರಿಸಿದ್ದು, 1871ರಲ್ಲಿ ಡಾರ್ವಿನ್ ಬರೆದರು, ಹೆಸರು ಮಾತ್ರ ಡಾರ್ವಿನ್‌ಗೇ ಹೋಯಿತು.

ಜೂಡೊ_ಮಾಮ
ನಮ್ಮ ಕಡೆಯಿಂದ ಒಂದು ಎಚ್ಚರಿಕೆ. ಕುಸ್ತಿ, ಜೂಡೊ, ರಗ್ಬಿ ಆಡುವ ಹುಡುಗರು ಮುದ್ದೆಯಾದ ಕಿವಿಯನ್ನು ಪದಕದ ಹಾಗೆ ತೋರಿಸಿಕೊಳ್ಳುತ್ತಾರೆ. ಏಟು ಬಿದ್ದು ಹಾಲೆ ಮೆತ್ತಗೆ ಊದಿಕೊಂಡರೆ ಅದರಲ್ಲಿ ರಕ್ತ ಇದೆ ಅಂತ ಅರ್ಥ. ಕಾರ್ಟಿಲೇಜ್‌ಗೆ ಸ್ವಂತ ರಕ್ತನಾಳ ಇಲ್ಲ, ಮೇಲಿನ ಪೊರೆಯಿಂದಲೇ ಊಟ. ನಡುವೆ ರಕ್ತ ತುಂಬಿಕೊಂಡರೆ ಪೊರೆ ದೂರ ಆಗುತ್ತದೆ, ಕಾರ್ಟಿಲೇಜ್ ಸಾಯುತ್ತದೆ, ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಆದಷ್ಟು ಬೇಗ, ತಡ ಮಾಡದೆ ಹೋಗಿ ರಕ್ತ ತೆಗೆಸಿ ಒತ್ತಿ ಕಟ್ಟಿಸಿಕೊಳ್ಳಬೇಕು. ಗಟ್ಟಿಯಾದ ಮೇಲೆ ಆಪರೇಷನ್ ಒಂದೇ ದಾರಿ. ಕಿವಿಗೆ ಕಟ್ಟುವ ಗಾರ್ಡ್ ಇದೆ, ಹಾಕಿಕೊಳ್ಳಲು ನಾಚಿಕೆ ಯಾಕೋ.

ಪುಸ್ತಕದಹುಳು
1885ರಲ್ಲಿ ರೋಮ್‌ನಲ್ಲಿ ಅಗೆದಾಗ ಕೂತ ಬಾಕ್ಸರ್‌ನ ಕಂಚಿನ ಪ್ರತಿಮೆ ಸಿಕ್ಕಿತು. ಪ್ರಾಚೀನ ಗ್ರೀಕ್ ಶೈಲಿಯದು, ಕಿವಿ ನೋಡಿ, ಮಾಮ ಹೇಳಿದ್ದೇ.

ಮೂರನೇತೂತು
ಕಿವಿಯ ಮೇಲ್ಭಾಗಕ್ಕೆ ಚುಚ್ಚಿಸಿಕೊಳ್ಳಬೇಕು ಅಂತಿದ್ದೇನೆ. ಇದನ್ನು ಓದಿ ಕಾಲು ಹಿಂದೆ ಹೋಗುತ್ತಿದೆ.

ಇಎನ್‌ಟಿ_ಪೀಜಿ
ಕೆಳಗಿನ ಮೆತ್ತನೆ ತುದಿಯಲ್ಲಿ ಕಾರ್ಟಿಲೇಜ್ ಇಲ್ಲ, ಕೊಬ್ಬು ಮತ್ತು ಚರ್ಮ, ಬೇಗ ವಾಸಿಯಾಗುತ್ತದೆ. ಅಲ್ಲಿ ಕೆಲವರಿಗೆ ಕೀಲಾಯ್ಡ್, ಅಂದರೆ ಗಾಯದ ಕಲೆಯೇ ಮಿತಿಮೀರಿ ಗಂಟಾಗಿ ಬೆಳೆಯುವುದು ಬೇರೆ ಮಾತು. ಮೇಲೆ ಚುಚ್ಚಿದರೆ ತಿಂಗಳುಗಳು ಬೇಕು. ಸೋಂಕಾದರೆ ಹಾಲೆ ಕೆಂಪಾಗಿ ಬಿಸಿಯಾಗಿ ಊದಿಕೊಳ್ಳುತ್ತದೆ, ಕೆಳತುದಿ ಮಾತ್ರ ಹಾಗೇ ಇರುತ್ತದೆ, ಅದೇ ಗುರುತು. ಕೀವು ತುಂಬಿದರೆ ಕಿವಿಯ ಆಕಾರವೇ ಹೋಗಬಹುದು. ಚುಚ್ಚಿಸಲೇಬೇಕಾದರೆ ಕ್ರಿಮಿಶುದ್ಧ ಮಾಡಿದ ಹೊಸ ಸೂಜಿಯಲ್ಲಿ, ಗನ್ ಬೇಡ, ಅದು ಕಾರ್ಟಿಲೇಜನ್ನು ಜಜ್ಜುತ್ತದೆ.

ಎರಡು_ಮಕ್ಕಳ_ಅಮ್ಮ
ಮಕ್ಕಳು ಕಿವಿಗೆ ಏನಾದರೂ ತುರುಕಿಕೊಂಡರೆ? ನನ್ನ ಚಿಕ್ಕವನು ಮಣಿ ಹಾಕಿಕೊಂಡಿದ್ದ, ಪಕ್ಕದ ಮನೆಯವರು ಚಿಮಟ ತರಲು ಓಡಿದರು, ನಾನು ಬಿಡಲಿಲ್ಲ.

ಇಎನ್‌ಟಿ_ಪೀಜಿ
ಬಿಡದಿದ್ದುದೇ ಒಳ್ಳೆಯದಾಯಿತು, ದುಂಡನೆ ವಸ್ತು ಚಿಮಟದಿಂದ ಜಾರಿ ಇನ್ನೂ ಒಳಗೆ ಹೋಗುತ್ತದೆ. ಕಾಳು ಬೀಜ ಆದರೆ ನೀರು ಹಾಕಬಾರದು, ಉಬ್ಬುತ್ತದೆ. ಜೀವಂತ ಹುಳ ಹೊಕ್ಕಿದ್ದರೆ, ತಮಟೆ ತೂತಿಲ್ಲ ಅಂತ ಗೊತ್ತಿದ್ದರೆ, ಉಗುರುಬೆಚ್ಚಗಿನ ಎಣ್ಣೆ ಒಂದೆರಡು ಹನಿ ಹಾಕಿದರೆ ಅದು ಸಾಯುತ್ತದೆ, ಒದ್ದಾಟ ನಿಲ್ಲುತ್ತದೆ, ಆಮೇಲೆ ತೆಗೆಸಿ. ಗುಂಡಿ ಬ್ಯಾಟರಿ ಆದರೆ ಏನೂ ಹಾಕದೆ ನೇರ ಆಸ್ಪತ್ರೆಗೆ ಓಡಿ, ಕೆಲವೇ ಗಂಟೆಗಳಲ್ಲಿ ಚರ್ಮ ಸುಟ್ಟು ತಮಟೆಯನ್ನೂ ಹಾಳು ಮಾಡುತ್ತದೆ.

ವಾದಪ್ರಿಯ
ಬಡ್ಸ್ ಬೇಡ, ಚಿಮಟ ಬೇಡ. ಕಿವಿಗೆ ಇಟ್ಟು ಉರಿಸುವ ಮೇಣದ ಕೊಳವೆ, ಇಯರ್ ಕ್ಯಾಂಡಲ್ ಆಗಬಹುದಾ? ಉರಿದ ಮೇಲೆ ಒಳಗೆ ಕಂದು ಪುಡಿ ಕಾಣುತ್ತದೆ, ಗುಗ್ಗೆ ಎಳೆದ ಸಾಕ್ಷಿ!

ಲ್ಯಾಬ್_ಮಗಳು
ಕಿವಿಗೆ ಇಡದೆ ಸುಮ್ನೆ ಉರಿಸಿ ನೋಡಿ, ಅದೇ ಪುಡಿ ಸಿಗುತ್ತದೆ. ಮೇಣ ಮತ್ತು ಬಟ್ಟೆ ಸುಟ್ಟಿದ್ದು ಅದು. ಎಳೆಯುವಷ್ಟು ಒತ್ತಡವೇ ಅಲ್ಲಿ ಹುಟ್ಟುವುದಿಲ್ಲ, ಬಿಸಿ ಮೇಣ ತಮಟೆಯ ಮೇಲೆ ಬಿದ್ದ ಪ್ರಕರಣಗಳು ಮಾತ್ರ ದಾಖಲಾಗಿವೆ.

ಮಾತುಗಾರ
ನೀರು ಹೊಡೆದು ತೆಗೆಯುತ್ತಾರಲ್ಲ, ಅದು ಒಳ್ಳೆಯದೇ? ನನಗೆ ಒಮ್ಮೆ ಹೊಡೆದಾಗ ಕೋಣೆಯೇ ತಿರುಗಿತು.

ಪುಸ್ತಕದಹುಳು
ನೀರು ತಣ್ಣಗಿತ್ತು ಅಷ್ಟೇ. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಅನ್ನುವ ವೈದ್ಯರು ಇದನ್ನೇ ಗಮನಿಸಿದರು. ತಣ್ಣೀರು ಹಾಕಿದರೆ ರೋಗಿಯ ಕಣ್ಣು ಒಂದು ಕಡೆ ಎಳೆಯುತ್ತದೆ, ಬಿಸಿನೀರು ಹಾಕಿದರೆ ಇನ್ನೊಂದು ಕಡೆ. ಒಳಕಿವಿಯ ಸಮತೋಲನದ ದ್ರವದಲ್ಲಿ ಬಿಸಿ ತಣುಪಿನಿಂದ ಹರಿವು ಹುಟ್ಟುತ್ತದೆ ಅಂತ ವಿವರಿಸಿ 1914ರ ನೊಬೆಲ್ ಪಡೆದರು. ಸುದ್ದಿ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ!

ಇಎನ್‌ಟಿ_ಪೀಜಿ
ಅದಕ್ಕೇ ಮೈ ಬಿಸಿಯಷ್ಟೇ, ಸುಮಾರು 37 ಡಿಗ್ರಿ ನೀರು ಬಳಸಬೇಕು. ತಮಟೆ ತೂತು ಇದ್ದವರಿಗೆ, ಕಿವಿ ಆಪರೇಷನ್ ಆದವರಿಗೆ, ಸೋಂಕು ಇರುವಾಗ ನೀರು ಹೊಡೆಯುವುದಿಲ್ಲ, ಕಣ್ಣಿಗೆ ಕಾಣುವಂತೆ ಸಕ್ಷನ್ ಅಥವಾ ಸಲಕರಣೆಯಿಂದ ತೆಗೆಯುತ್ತೇವೆ. ಮೆತ್ತಗಾಗಲು ಡ್ರಾಪ್ಸ್ ಮೊದಲು ಕೆಲವು ದಿನ.

ಹಿರಿಯಣ್ಣ
ನನಗೆ ಎಪ್ಪತ್ತು ದಾಟಿದೆ. ಮಲಗುವ ಕಡೆಯ ಕಿವಿಯ ಮೇಲಂಚಿನಲ್ಲಿ ಒಂದು ಸಣ್ಣ ಗಂಟು, ದಿಂಬು ತಾಗಿದರೆ ಚುಚ್ಚಿದ ಹಾಗೆ. ಇನ್ನೊಂದು, ಹಳೆ ಫೋಟೋ ನೋಡಿದರೆ ಕಿವಿ ಚಿಕ್ಕದಿತ್ತು ಅನ್ನಿಸುತ್ತದೆ. ಭ್ರಮೆಯಾ?

ಇಎನ್‌ಟಿ_ಪೀಜಿ
ಹಿರಿಯರೇ, ಭ್ರಮೆ ಅಲ್ಲ. 1995ರಲ್ಲಿ ಬ್ರಿಟನ್ನಿನ ಒಬ್ಬ ವೈದ್ಯರು ರೋಗಿಗಳ ಕಿವಿ ಅಳೆದು, ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಉದ್ದವಾಗುತ್ತದೆ ಅಂತ ಲೆಕ್ಕ ಕೊಟ್ಟರು. ಗಂಟು ಒತ್ತಡದಿಂದ ಕಾರ್ಟಿಲೇಜ್‌ಗೆ ಉರಿಯೂತ ಬರುವ ತೊಂದರೆ ಇರಬಹುದು, ನಡುವೆ ತೂತಿರುವ ದಿಂಬಿನಿಂದ ಎಷ್ಟೋ ಜನರಿಗೆ ಕಡಿಮೆಯಾಗಿದೆ. ಆದರೆ ಹಾಲೆಯ ಮೇಲಂಚು ಬಿಸಿಲು ತಿನ್ನುವ ಜಾಗ, ಚರ್ಮದ ಕ್ಯಾನ್ಸರ್ ಅಲ್ಲಿ ಬರುತ್ತದೆ. ವಾರಗಳಾದರೂ ವಾಸಿಯಾಗದ, ರಕ್ತ ಬರುವ, ಹಕ್ಕಳೆ ಕಟ್ಟುವ ಹುಣ್ಣಾದರೆ ತೋರಿಸಲೇಬೇಕು. ನೀವು ಹೇಗೂ ಒಮ್ಮೆ ತೋರಿಸಿಬಿಡಿ.

ನವೆಕಿವಿ
ಡ್ರಾಪ್ಸ್ ಮುಗಿಸಿ ಹೋಗಿ ತೆಗೆಸಿಕೊಂಡು ಬಂದೆ. ಬಲಗಡೆಯಿಂದ ಬಂದಿದ್ದನ್ನು ನೋಡಿ ನಾನೇ ಬೆರಗಾದೆ. ಈಗ ಕಾಗದ ಮಡಚಿದ ಸದ್ದೂ ಕಿವಿಗೆ ಬಡಿಯುತ್ತಿದೆ. ನವೆ ಇನ್ನೂ ಇದೆ, ಚರ್ಮ ಒಣಗಿದೆ, ಕೈ ಹಾಕದೆ ಇರಿ ಅಂದರು.

ವಾದಪ್ರಿಯ
ಅಭಿನಂದನೆ. ನಾನು ಮಾತ್ರ ಹೊರಗಿನ ಅಂಚಿಗೆ ಬಡ್ಸ್ ಹಾಕುತ್ತೇನೆ, ಒಳಗೆ ಹೋಗಲ್ಲ. ಇಷ್ಟಕ್ಕಾದರೂ ಬಿಡಿ.

ಇಎನ್‌ಟಿ_ಪೀಜಿ
ಹೊರಗಿನ ಮಡಿಕೆಗೆ ಹಾಕಿ, ಯಾರ ತಕರಾರೂ ಇಲ್ಲ.

ಹೊಸ_ಅಪ್ಪ
ತಡವಾಗಿ ಬಂದೆ. ಮಗುವಿಗೆ ಕಿವಿಯ ಮುಂದೆ, ಹಾಲೆ ಕೆನ್ನೆಗೆ ಸೇರುವ ಕಡೆ ಸೂಜಿ ಮೊನೆಯಷ್ಟು ತೂತಿದೆ. ಹುಟ್ಟಿದಾಗಿನಿಂದ ಇದೆ, ಏನೂ ತೊಂದರೆ ಇಲ್ಲ. ತೆಗೆಸಬೇಕಾ?

ಇಎನ್‌ಟಿ_ಪೀಜಿ
ಗರ್ಭದಲ್ಲಿ ಹಾಲೆ ಆರು ಪುಟ್ಟ ಗುಬುಟುಗಳು ಕೂಡಿಕೊಂಡು ಆಗುತ್ತದೆ. ಕೂಡುವಲ್ಲಿ ಎಲ್ಲೋ ಬಿಟ್ಟುಹೋದರೆ ಇಂಥ ತೂತು ಉಳಿಯುತ್ತದೆ, ಒಂದೇ ಮನೆಯಲ್ಲಿ ಹಲವರಿಗೆ ಇರುವುದೂ ಉಂಟು. ತೊಂದರೆ ಇಲ್ಲದಿದ್ದರೆ ಏನೂ ಮಾಡಬೇಕಿಲ್ಲ. ಹಿಂಡಬೇಡಿ. ಕೆಂಪಾಗಿ ಊದಿ ಕೀವು ಬಂದರೆ ಮೊದಲು ಸೋಂಕಿಗೆ ಔಷಧಿ, ಅದು ಮತ್ತೆ ಮತ್ತೆ ಬಂದರೆ ಪೂರ್ತಿ ಆರಿದ ಮೇಲೆ ಆಪರೇಷನ್. ಹುಟ್ಟಿದಾಗ ಮಾಡುವ ಶ್ರವಣ ಪರೀಕ್ಷೆ ಆಗಿದೆಯಾ ಅಂತ ಮಾತ್ರ ಕಾಗದಪತ್ರ ತೆಗೆದು ನೋಡಿ, ಆಗಿಲ್ಲದಿದ್ದರೆ ಮಾಡಿಸಿ.

ಹೊಸ_ಅಪ್ಪ
ಆಗಿದೆ ಸರ್, ಎರಡೂ ಕಿವಿ ಪಾಸ್. ಅಜ್ಜಿಗೆ ಹಿಂಡಬೇಡಿ ಅಂತ ನೀವೇ ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು, ನನ್ನ ಮಾತು ನಡೆಯುವುದಿಲ್ಲ.